ಮೆಮೊರಿ ಹೆಚ್ಚಿಸಿದ ಬಳಿಕ ಗಣಕಯಂತ್ರ ಚಾಲನೆಗೊಳ್ಳದಿರುವುದು

ಮೆಮೊರಿ ಹೆಚ್ಚಿಸಿದ ಬಳಿಕ ಗಣಕಯಂತ್ರ ಚಾಲನೆಗೊಳ್ಳದಿರುವುದು ಗಣಕಯಂತ್ರಕ್ಕೆ ಹೊಸ ರ‍್ಯಾಮ್ ಅಳವಡಿಸಿದ ಕೂಡಲೇ ಕಾಣಿಸಿಕೊಳ್ಳುವ ಒಂದು ಸಾಮಾನ್ಯ ತೊಂದರೆ. ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗುತ್ತವೆ, ದೀಪಗಳು ಉರಿಯುತ್ತವೆ. ಆದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಕೆಲವು ಯಂತ್ರಗಳು ಬೀಪ್ ಸದ್ದು ಮಾಡುತ್ತವೆ, ಕೆಲವು ತಾವಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತವೆ, ಇನ್ನು ಕೆಲವು ಯಾವ ಸೂಚನೆಯನ್ನೂ ಕೊಡದೆ ಸುಮ್ಮನಿರುತ್ತವೆ.

ಇಂತಹ ಸಂದರ್ಭದಲ್ಲಿ ಹೊಸ ಮೆಮೊರಿ ಕೆಟ್ಟಿದೆ ಅಥವಾ ಮದರ್‌ಬೋರ್ಡ್ ಸುಟ್ಟುಹೋಗಿದೆ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಮಾಡ್ಯೂಲ್ ಸ್ಲಾಟಿನಲ್ಲಿ ಪೂರ್ಣವಾಗಿ ಕೂರದಿರುವುದು, ಅದು ಆ ಯಂತ್ರಕ್ಕೆ ಹೊಂದದ ಬಗೆಯದಾಗಿರುವುದು, ಬಯೋಸ್ ಹಳೆಯ ಹೊಂದಿಕೆಗಳನ್ನೇ ಹಿಡಿದುಕೊಂಡಿರುವುದು ಇವೇ ಹೆಚ್ಚಿನ ಸಂದರ್ಭಗಳಲ್ಲಿ ಕಾರಣವಾಗಿರುತ್ತವೆ. ಬಳಕೆದಾರರು ಮೊದಲಿಗೆ ತಿಳಿದಿರಬೇಕಾದ ಸಂಗತಿಯೆಂದರೆ, ಈ ಹಂತದಲ್ಲಿ ನಿಂತ ಯಂತ್ರವು ಹಾರ್ಡ್ ಡಿಸ್ಕನ್ನಾಗಲಿ ಎಸ್‌ಎಸ್‌ಡಿಯನ್ನಾಗಲಿ ಇನ್ನೂ ಮುಟ್ಟಿರುವುದಿಲ್ಲ. ಅದರಲ್ಲಿರುವ ಕಡತಗಳು, ಛಾಯಾಚಿತ್ರಗಳು ಮೊದಲಿನಂತೆಯೇ ಇರುತ್ತವೆ. ಆದ್ದರಿಂದ ಈ ತೊಂದರೆಗೆ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಪರಿಹಾರವಲ್ಲ. ದುರಸ್ತಿಗೆ ಕೊಟ್ಟಾಗ ಯಾರಾದರೂ ಅದನ್ನು ಸೂಚಿಸಿದರೆ ಒಪ್ಪಬೇಕಾಗಿಯೂ ಇಲ್ಲ.

ಚಾಲನೆಯ ಮೊದಲ ಕ್ಷಣಗಳು

ವಿದ್ಯುತ್ ಗುಂಡಿ ಒತ್ತಿದಾಗ ಮೊದಲು ಕೆಲಸ ಆರಂಭಿಸುವುದು ವಿಂಡೋಸ್ ಅಥವಾ ಲಿನಕ್ಸ್ ಅಲ್ಲ. ಮದರ್‌ಬೋರ್ಡಿನ ಮೇಲಿನ ಚಿಕ್ಕ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದಿಟ್ಟಿರುವ ಆರಂಭಿಕ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದೂ ಹೊಸ ಯಂತ್ರಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ರೂಢಿಯಲ್ಲಿ ಎರಡನ್ನೂ ಬಯೋಸ್ ಎಂದೇ ಕರೆಯುತ್ತಾರೆ. ಯಂತ್ರದ ಭಾಗಗಳು ಸರಿಯಾಗಿವೆಯೇ ಎಂದು ಇದು ನಡೆಸುವ ಸ್ವಯಂ ತಪಾಸಣೆಗೆ ಪೋಸ್ಟ್ ಎನ್ನುತ್ತಾರೆ.

ಪ್ರತಿ ಮೆಮೊರಿ ಮಾಡ್ಯೂಲಿನ ಮೇಲೂ ದತ್ತಾಂಶ ಹಿಡಿದಿಡುವ ಚಿಪ್ಪುಗಳಲ್ಲದೆ ಎಸ್‌ಪಿಡಿ ಎಂಬ ಇನ್ನೊಂದು ಪುಟ್ಟ ಚಿಪ್ಪಿರುತ್ತದೆ. ಮಾಡ್ಯೂಲಿನ ಗಾತ್ರ, ವೇಗ, ಚಿಪ್ಪುಗಳ ಜೋಡಣೆ ಮುಂತಾದ ವಿವರಗಳು ಅದರಲ್ಲಿ ದಾಖಲಾಗಿರುತ್ತವೆ. ಅದನ್ನು ಮಾಡ್ಯೂಲಿನ ಜಾತಕವೆಂದರೂ ಸಲ್ಲುತ್ತದೆ. ಡಿಡಿಆರ್3ರವರೆಗೆ 256 ಬೈಟ್‌ಗಳಷ್ಟಿದ್ದ ಈ ದಾಖಲೆ ಡಿಡಿಆರ್4ರಲ್ಲಿ 512ಕ್ಕೂ ಡಿಡಿಆರ್5ರಲ್ಲಿ 1024ಕ್ಕೂ ಏರಿತು. ಬಯೋಸ್ ಇದನ್ನು ಓದಿ, ಯಾವ ವೇಗದಲ್ಲಿ ಮೆಮೊರಿಯೊಡನೆ ವ್ಯವಹರಿಸಬೇಕೆಂದು ನಿರ್ಧರಿಸುತ್ತದೆ.

ಪರದೆ ಕಪ್ಪಾಗಿಯೇ ಉಳಿಯಲು ಕಾರಣ ಇಲ್ಲಿಯೇ ಇದೆ. ಮೆಮೊರಿ ಸಿದ್ಧವಾಗುವವರೆಗೆ ಬಯೋಸ್‌ಗೆ ಕೆಲಸ ಮಾಡಲು ದೊರೆಯುವ ಜಾಗ ಅತ್ಯಲ್ಪ. ಅನೇಕ ಯಂತ್ರಗಳಲ್ಲಿ ಅದು ಪ್ರೊಸೆಸರಿನ ಒಳಗಿನ ಕ್ಯಾಶ್‌ನ ಒಂದು ಭಾಗವನ್ನೇ ತಾತ್ಕಾಲಿಕ ಮೆಮೊರಿಯಾಗಿ ಬಳಸಿಕೊಳ್ಳುತ್ತದೆ. ಪರದೆಯ ಮೇಲೆ ಅಕ್ಷರ ಮೂಡಿಸುವ ವ್ಯವಸ್ಥೆ ಆರಂಭವಾಗುವುದು ಮೆಮೊರಿ ಸಿದ್ಧವಾದ ನಂತರವೇ. ಹೀಗಾಗಿ ಮೆಮೊರಿಯಲ್ಲೇ ತೊಡಕಾದರೆ, ತೊಡಕಾಗಿದೆ ಎಂದು ಬರೆದು ತೋರಿಸುವ ಶಕ್ತಿಯೂ ಯಂತ್ರಕ್ಕೆ ಇರುವುದಿಲ್ಲ. ಬೀಪ್ ಸದ್ದು, ದೀಪಗಳ ಮಿನುಗು ಇವು ಆ ಕೊರತೆಯನ್ನು ತುಂಬಲು ಹುಟ್ಟಿಕೊಂಡ ಉಪಾಯಗಳು.

ಚರಿತ್ರೆ

ಮೆಮೊರಿ ಹೆಚ್ಚಿಸಿ ಯಂತ್ರವನ್ನು ನಿಲ್ಲಿಸಿಕೊಳ್ಳುವ ಅನುಭವ ವೈಯಕ್ತಿಕ ಗಣಕಯಂತ್ರದಷ್ಟೇ ಹಳೆಯದು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಮೆಮೊರಿ ಎಷ್ಟಿದೆ ಎಂಬುದನ್ನು ಬಳಕೆದಾರನೇ ಮದರ್‌ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳ ಸಾಲನ್ನು ಹೊಂದಿಸಿ ತಿಳಿಸಬೇಕಾಗಿತ್ತು. ಚಿಪ್ಪು ಸೇರಿಸಿ ಸ್ವಿಚ್ಚು ಬದಲಿಸಲು ಮರೆತರೆ ಹೊಸ ಮೆಮೊರಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಲ್ಲದ ಮೆಮೊರಿ ಇದೆಯೆಂದು ಸ್ವಿಚ್ಚು ಹೇಳಿದರೆ 201 ಎಂಬ ದೋಷಸಂಖ್ಯೆ ಪರದೆಯ ಮೇಲೆ ಮೂಡುತ್ತಿತ್ತು.

ಮುಂದೆ ಬಿಡಿ ಚಿಪ್ಪುಗಳ ಜಾಗದಲ್ಲಿ ಚಿಪ್ಪುಗಳನ್ನು ಕೂರಿಸಿದ ಸಿಮ್ ಪಟ್ಟಿಗಳು ಬಂದವು. ಇವುಗಳಿಗೆ ಗುಂಪಿನ ನಿಯಮವಿತ್ತು. 486 ಪ್ರೊಸೆಸರಿನ ಯಂತ್ರಗಳಲ್ಲಿ 30 ಪಿನ್ನಿನ ಸಿಮ್‌ಗಳನ್ನು ನಾಲ್ಕು ನಾಲ್ಕಾಗಿ, ಪೆಂಟಿಯಮ್ ಯಂತ್ರಗಳಲ್ಲಿ 72 ಪಿನ್ನಿನವನ್ನು ಎರಡೆರಡಾಗಿ ಹಾಕಬೇಕಾಗಿತ್ತು. ಪೆಂಟಿಯಮ್‌ನ ದತ್ತಾಂಶ ಮಾರ್ಗ 64 ಬಿಟ್ ಅಗಲವಾಗಿದ್ದು, ಒಂದು ಸಿಮ್ 32 ಬಿಟ್‌ಗಳನ್ನಷ್ಟೇ ಒದಗಿಸುತ್ತಿದ್ದುದು ಇದಕ್ಕೆ ಕಾರಣ. ಒಂಟಿ ಸಿಮ್ ಸೇರಿಸಿದವರಿಗೆ ಯಂತ್ರ ಮೌನವನ್ನೇ ಉತ್ತರವಾಗಿ ಕೊಡುತ್ತಿತ್ತು. 64 ಬಿಟ್ ಅಗಲದ, 168 ಪಿನ್ನಿನ ಡಿಮ್ ಮಾಡ್ಯೂಲ್‌ಗಳು ಬಂದ ಮೇಲೆ ಈ ಕಟ್ಟುಪಾಡು ತಪ್ಪಿತು.

ಆರಂಭದ ಪೆಂಟಿಯಮ್ 4 ಯಂತ್ರಗಳಲ್ಲಿ ಬಳಕೆಯಾದ ಆರ್‌ಡಿರ‍್ಯಾಮ್ ಇನ್ನೂ ವಿಚಿತ್ರವಾಗಿತ್ತು. ಅದರಲ್ಲಿ ಸಂಕೇತಗಳು ಒಂದು ಸ್ಲಾಟಿನ ಮೂಲಕ ಹಾದು ಇನ್ನೊಂದಕ್ಕೆ ಹೋಗುತ್ತಿದ್ದುದರಿಂದ ಖಾಲಿ ಸ್ಲಾಟನ್ನು ಖಾಲಿ ಬಿಡುವಂತಿರಲಿಲ್ಲ. ಚಿಪ್ಪುಗಳಿಲ್ಲದ ಬರಿಯ ಸಂಪರ್ಕ ಪಟ್ಟಿಯೊಂದನ್ನು ಅಲ್ಲಿ ತುಂಬಬೇಕಾಗಿತ್ತು. ಕೆಲಸಕ್ಕೆ ಬಾರದ ತುಂಡೆಂದು ಅದನ್ನು ತೆಗೆದಿಟ್ಟರೆ ಯಂತ್ರ ಏಳುತ್ತಿರಲಿಲ್ಲ.

ಹೊಂದಾಣಿಕೆ

ಇಂದಿನ ಮೆಮೊರಿಗಳ ಮಾನದಂಡಗಳನ್ನು ನಿಗದಿಪಡಿಸುವ ಸಂಸ್ಥೆ ಜೆಡೆಕ್. ಡಿಡಿಆರ್ ಮಾನದಂಡ 2000ದಲ್ಲಿ, ಡಿಡಿಆರ್2 2003ರಲ್ಲಿ, ಡಿಡಿಆರ್3 2007ರಲ್ಲಿ, ಡಿಡಿಆರ್4 2012ರಲ್ಲಿ, ಡಿಡಿಆರ್5 2020ರಲ್ಲಿ ಪ್ರಕಟವಾದವು. ಒಂದು ಪೀಳಿಗೆಯ ಮಾಡ್ಯೂಲ್ ಇನ್ನೊಂದು ಪೀಳಿಗೆಯ ಸ್ಲಾಟಿಗೆ ಸಲ್ಲುವುದಿಲ್ಲ. ಪಿನ್ನುಗಳ ಸಂಖ್ಯೆ ಒಂದೇ ಇದ್ದರೂ ಇದು ನಿಜ: ಮೇಜಿನ ಗಣಕಗಳ ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್ನುಗಳು, ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288. ತಪ್ಪು ಮಾಡ್ಯೂಲ್ ಕೂರದಂತೆ ತಡೆಯಲು ಪಿನ್ನುಗಳ ಅಂಚಿನಲ್ಲಿರುವ ಕಚ್ಚಿನ ಜಾಗವನ್ನು ಪ್ರತಿ ಪೀಳಿಗೆಯಲ್ಲೂ ತುಸು ಬದಲಿಸಲಾಗಿದೆ. ಕಚ್ಚು ಸ್ಲಾಟಿನ ದಿಂಡಿಗೆ ಸರಿಹೊಂದದಿದ್ದರೆ ಬಲ ಹಾಕಬಾರದು. ಒತ್ತಿ ಕೂರಿಸಿದವರು ಸ್ಲಾಟನ್ನು ಸೀಳಿಸಿಕೊಳ್ಳುತ್ತಾರೆ, ಇಲ್ಲವೇ ಮಾಡ್ಯೂಲನ್ನು ಸುಟ್ಟುಕೊಳ್ಳುತ್ತಾರೆ.

ಕಚ್ಚು ಹೊಂದಿದ ಮಾತ್ರಕ್ಕೆ ಎಲ್ಲವೂ ಹೊಂದಿದಂತಲ್ಲ. ಡಿಡಿಆರ್3 ಮೆಮೊರಿಗೆ 1.5 ವೋಲ್ಟ್ ಬೇಕು. ಅದೇ ಆಕಾರದ ಡಿಡಿಆರ್3ಎಲ್ 1.35 ವೋಲ್ಟಿನಲ್ಲಿಯೂ ನಡೆಯುತ್ತದೆ. ಕಡಿಮೆ ವೋಲ್ಟಿನ ಮೆಮೊರಿಗೆಂದೇ ರೂಪಿಸಿದ ಲ್ಯಾಪ್‌ಟಾಪ್‌ಗೆ ಹಳೆಯ 1.5 ವೋಲ್ಟಿನ ಮಾಡ್ಯೂಲ್ ಹಾಕಿದರೆ ಅದು ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ, ಯಂತ್ರ ಮಾತ್ರ ಚಾಲನೆಗೊಳ್ಳುವುದಿಲ್ಲ. ಹಾಗೆಯೇ ಸರ್ವರ್‌ಗಳಿಂದ ಬಿಚ್ಚಿದ ‘ರಿಜಿಸ್ಟರ್ಡ್’ ಡಿಡಿಆರ್4 ಮಾಡ್ಯೂಲ್‌ಗಳು ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುತ್ತವೆ. ಮನೆಬಳಕೆಯ ಗಣಕದ ಸ್ಲಾಟಿನಲ್ಲಿ ಕೂರುತ್ತವೆ ಕೂಡ. ಆದರೆ ಸಂಕೇತಗಳನ್ನು ನಡುವೆ ಹಿಡಿದು ಮುಂದೆ ದಾಟಿಸುವ ಹೆಚ್ಚುವರಿ ಚಿಪ್ಪು ಅವುಗಳಲ್ಲಿರುವುದರಿಂದ ಸಾಮಾನ್ಯ ಮದರ್‌ಬೋರ್ಡುಗಳು ಅವನ್ನು ಸ್ವೀಕರಿಸುವುದಿಲ್ಲ. ಡಿಡಿಆರ್5ರಲ್ಲಿ ಈ ಎರಡು ಬಗೆಗಳ ಕಚ್ಚನ್ನೇ ಬೇರೆ ಮಾಡಿ ಗೊಂದಲವನ್ನು ನಿವಾರಿಸಲಾಗಿದೆ.

ಹೆಚ್ಚು ಜನರನ್ನು ಮೋಸಗೊಳಿಸುವುದು ಚಿಪ್ಪುಗಳ ಸಾಂದ್ರತೆ. ಒಂದೇ ಗಾತ್ರದ ಮಾಡ್ಯೂಲನ್ನು ಹೆಚ್ಚು ಸಂಖ್ಯೆಯ ಚಿಕ್ಕ ಚಿಪ್ಪುಗಳಿಂದಲೂ ಕಡಿಮೆ ಸಂಖ್ಯೆಯ ದೊಡ್ಡ ಚಿಪ್ಪುಗಳಿಂದಲೂ ಕಟ್ಟಬಹುದು. 1998ರಲ್ಲಿ ಬಂದ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ 128 ಮೆಗಾಬಿಟ್‌ಗಿಂತ ದೊಡ್ಡ ಚಿಪ್ಪುಗಳನ್ನು ಅರಿಯದು. 16 ಚಿಪ್ಪುಗಳುಳ್ಳ 256 ಎಂಬಿ ಮಾಡ್ಯೂಲನ್ನು ಅದು ಪೂರ್ಣವಾಗಿ ಬಳಸುತ್ತಿತ್ತು; 8 ಚಿಪ್ಪುಗಳುಳ್ಳ ಅದೇ 256 ಎಂಬಿ ಮಾಡ್ಯೂಲನ್ನು ಅರ್ಧ ಮಾತ್ರ ಗುರುತಿಸುತ್ತಿತ್ತು ಅಥವಾ ಗುರುತಿಸುತ್ತಲೇ ಇರಲಿಲ್ಲ. ಹತ್ತು ವರ್ಷಗಳ ನಂತರ ಡಿಡಿಆರ್3 ಸ್ಲಾಟುಗಳೊಂದಿಗೆ ಬಂದ ಇಂಟೆಲ್ ಜಿ41 ಚಿಪ್‌ಸೆಟ್‌ನ ಮದರ್‌ಬೋರ್ಡುಗಳಲ್ಲಿಯೂ ಇದೇ ಕಥೆ ಮರುಕಳಿಸಿತು: 16 ಚಿಪ್ಪುಗಳ 4 ಜಿಬಿ ಮಾಡ್ಯೂಲ್ ನಡೆಯುತ್ತದೆ, 8 ಚಿಪ್ಪುಗಳದು ನಡೆಯುವುದಿಲ್ಲ. ಡಬ್ಬಿಯ ಮೇಲಿನ ಬರಹದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು. ಚಿಪ್ಪುಗಳನ್ನು ಎಣಿಸಿಯೇ ನೋಡಬೇಕು. ಎಎಂಡಿ ಯಂತ್ರಗಳಿಗೆ ಮಾತ್ರ ಎಂಬ ಷರಾದೊಡನೆ ಕಡಿಮೆ ಬೆಲೆಗೆ ಮಾರಾಟವಾಗುವ ಡಿಡಿಆರ್2, ಡಿಡಿಆರ್3 ಮಾಡ್ಯೂಲ್‌ಗಳೂ ಇವೆ. ಅವುಗಳ ಚಿಪ್ಪುಗಳ ಜೋಡಣೆಯನ್ನು ಇಂಟೆಲ್ ಯಂತ್ರಗಳ ಮೆಮೊರಿ ನಿಯಂತ್ರಕ ನಿಭಾಯಿಸಲಾರದು. ಷರಾ ಸಣ್ಣ ಅಕ್ಷರದಲ್ಲಿರುವುದೇ ಹೆಚ್ಚು.

ಹೊಸ ಯಂತ್ರಗಳಲ್ಲಿ ಬಯೋಸ್‌ನ ಆವೃತ್ತಿಯೂ ಲೆಕ್ಕಕ್ಕೆ ಬರುತ್ತದೆ. 2023ರಲ್ಲಿ 24 ಮತ್ತು 48 ಜಿಬಿ ಗಾತ್ರದ ಡಿಡಿಆರ್5 ಮಾಡ್ಯೂಲ್‌ಗಳು ಮಾರುಕಟ್ಟೆಗೆ ಬಂದಾಗ ಆಗಲೇ ಬಳಕೆಯಲ್ಲಿದ್ದ ಅನೇಕ ಮದರ್‌ಬೋರ್ಡುಗಳಿಗೆ ಅವನ್ನು ಗುರುತಿಸಲು ಹೊಸ ಬಯೋಸ್ ಬೇಕಾಯಿತು. ಇಂತಹ ನವೀಕರಣವನ್ನು ಹಳೆಯ ಮೆಮೊರಿ ಇರುವಾಗಲೇ ಮಾಡಿ ಮುಗಿಸಬೇಕು. ಅದನ್ನು ಬಿಚ್ಚಿಟ್ಟ ಮೇಲೆ ನೆನಪಾದರೆ ಮತ್ತೆ ಹಾಕಬೇಕಾಗುತ್ತದೆ.

ಸ್ಲಾಟಿನಲ್ಲಿ ಸರಿಯಾಗಿ ಕೂರದಿರುವುದು

ಹೊಂದುವ ಮಾಡ್ಯೂಲನ್ನೇ ತಂದಿದ್ದರೂ ಯಂತ್ರ ಏಳದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಮೊದಲ ಬಾರಿ ಮೆಮೊರಿ ಹಾಕುವವರು ಮದರ್‌ಬೋರ್ಡ್ ಮುರಿದೀತೆಂಬ ಭಯದಿಂದ ಸಾಕಷ್ಟು ಒತ್ತುವುದಿಲ್ಲ. ಒಂದು ತುದಿ ಕೂತು ಇನ್ನೊಂದು ತುದಿ ಅರ್ಧ ಮಿಲಿಮೀಟರಿನಷ್ಟು ಮೇಲೆ ನಿಂತರೂ ಕೆಲವು ಪಿನ್ನುಗಳಿಗೆ ಸಂಪರ್ಕ ಸಿಗುವುದಿಲ್ಲ. ಮಾಡ್ಯೂಲನ್ನು ಎರಡು ಹೆಬ್ಬೆರಳುಗಳಿಂದ ಎರಡೂ ತುದಿಗಳಲ್ಲಿ ನೇರವಾಗಿ ಕೆಳಕ್ಕೆ ಒತ್ತಿದಾಗ ಸ್ಲಾಟಿನ ತುದಿಯ ಕೊಂಡಿ ‘ಟಕ್’ ಎಂದು ತಾನಾಗಿ ಮೇಲೆದ್ದು ಹಿಡಿದುಕೊಳ್ಳಬೇಕು. ಕೆಲವು ಮದರ್‌ಬೋರ್ಡುಗಳಲ್ಲಿ ಒಂದೇ ತುದಿಗೆ ಕೊಂಡಿ ಇರುತ್ತದೆ. ಕೊಂಡಿ ಇಲ್ಲದ ತುದಿ ಪೂರ್ತಿ ಇಳಿದಿದೆಯೇ ಎಂದು ಅಲ್ಲಿ ವಿಶೇಷವಾಗಿ ನೋಡಬೇಕು. ಲ್ಯಾಪ್‌ಟಾಪ್‌ನಲ್ಲಿ ಮಾಡ್ಯೂಲನ್ನು ಓರೆಯಾಗಿ ಹಿಡಿದು ಪಿನ್ನುಗಳ ಚಿನ್ನದ ಅಂಚು ಬಹುತೇಕ ಮರೆಯಾಗುವವರೆಗೆ ಒಳಕ್ಕೆ ತಳ್ಳಿ, ಬಳಿಕ ಪಕ್ಕದ ಕೊಂಡಿಗಳು ಹಿಡಿಯುವಂತೆ ಕೆಳಕ್ಕೆ ಬಾಗಿಸಬೇಕು. ಪೂರ್ತಿ ತಳ್ಳುವ ಮೊದಲೇ ಬಾಗಿಸಿದರೂ ಕೊಂಡಿಗಳು ಹಿಡಿದುಕೊಳ್ಳುವುದುಂಟು, ಮೋಸಹೋಗುವುದು ಅಲ್ಲಿಯೇ.

ಎಷ್ಟನೆಯ ಸ್ಲಾಟು ಎಂಬುದೂ ಮುಖ್ಯ. ನಾಲ್ಕು ಸ್ಲಾಟುಗಳ ಮದರ್‌ಬೋರ್ಡಿನಲ್ಲಿ ಎರಡು ಮಾಡ್ಯೂಲ್‌ಗಳನ್ನು ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳಿಗೆ ಹಾಕುತ್ತಾರೆ. ಒಂದು ಮತ್ತು ಮೂರಕ್ಕೆ ಹಾಕಿದರೆ ಕೆಲವು ಯಂತ್ರಗಳು ನಿಧಾನವಾಗುತ್ತವೆ, ಕೆಲವು ಚಾಲನೆಗೊಳ್ಳುವುದೇ ಇಲ್ಲ. ಕ್ರಮವನ್ನು ಮದರ್‌ಬೋರ್ಡಿನ ಕೈಪಿಡಿಯಲ್ಲಿ ಚಿತ್ರಸಹಿತ ಕೊಟ್ಟಿರುತ್ತಾರೆ.

ಪಿನ್ನುಗಳಿಗೆ ಧೂಳು, ಬೆವರು ಅಥವಾ ತೇವದ ಪದರ ಅಂಟಿದ್ದರೂ ಸಂಪರ್ಕ ಕೆಡುತ್ತದೆ. ಶಾಲೆಯ ಮಕ್ಕಳು ಬಳಸುವ ಅಳಿಸುವ ರಬ್ಬರಿನಿಂದ ಪಿನ್ನುಗಳನ್ನು ಉಜ್ಜುವ ರೂಢಿ ನಮ್ಮಲ್ಲಿ ಬಹಳ ಇದೆ. ಅನೇಕ ಬಾರಿ ಯಂತ್ರ ಏಳುವುದೂ ಉಂಟು. ಆದರೆ ಪಿನ್ನುಗಳ ಮೇಲಿನ ಚಿನ್ನದ ಲೇಪ ಅತ್ಯಂತ ತೆಳುವಾದದ್ದು. ಒರಟು ರಬ್ಬರು ಅದನ್ನು ಸವೆಸುತ್ತದೆ, ಅದರ ಪುಡಿ ಸ್ಲಾಟಿನೊಳಗೆ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡುವುದು ಮೇಲು.

ಮಾಡ್ಯೂಲ್ ಹಾಕುವಾಗ ಕೈ ತಾಗಿ ಬೇರೇನಾದರೂ ಸಡಿಲವಾಗಿರಬಹುದು ಎಂಬುದನ್ನೂ ಮರೆಯಬಾರದು. ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಕೇಬಲ್, 24 ಪಿನ್ನಿನ ಮುಖ್ಯ ಕೇಬಲ್, ಗ್ರಾಫಿಕ್ಸ್ ಕಾರ್ಡ್ ಇವನ್ನು ಒಮ್ಮೆ ಒತ್ತಿ ನೋಡಬೇಕು. ಡಿಸ್‌ಪ್ಲೇ ಕೇಬಲನ್ನು ಮರಳಿ ಸಿಕ್ಕಿಸುವಾಗ ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿ, ಮೆಮೊರಿಯನ್ನು ದೂರುತ್ತಾ ಕೂರುವುದೂ ನಡೆಯುತ್ತದೆ.

ವಿದ್ಯುತ್ತಿನ ಎಚ್ಚರ

ಗಣಕವನ್ನು ಆರಿಸಿದರೂ ಪ್ಲಗ್ ಗೋಡೆಯಲ್ಲಿರುವವರೆಗೆ ಮದರ್‌ಬೋರ್ಡಿಗೆ 5 ವೋಲ್ಟಿನ ಕಾಯ್ದಿರಿಸಿದ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಪ್ಲಗ್ ಕಳಚಿ, ಬಳಿಕ ವಿದ್ಯುತ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಉಳಿದ ವಿದ್ಯುತ್ತೂ ಖಾಲಿಯಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಬೇಕು. ಬ್ಯಾಟರಿ ಒಳಗೇ ಇರುವ ಕೆಲವು ಮಾದರಿಗಳಲ್ಲಿ ಅದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವ ಆಯ್ಕೆ ಬಯೋಸ್‌ನಲ್ಲಿಯೇ ಇರುತ್ತದೆ. ಮೈಯಲ್ಲಿ ಸಂಗ್ರಹವಾದ ಸ್ಥಿರ ವಿದ್ಯುತ್ತು ಚಿಪ್ಪುಗಳಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಮಾಡ್ಯೂಲನ್ನು ಮುಟ್ಟುವ ಮುನ್ನ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಬಳಿಕ ಮಾಡ್ಯೂಲನ್ನು ಪಿನ್ನುಗಳಿಗೆ ಬೆರಳು ತಾಗದಂತೆ ಅಂಚಿನಲ್ಲಿ ಹಿಡಿಯಬೇಕು.

ಯಂತ್ರ ಕೊಡುವ ಸೂಚನೆಗಳು

ಬೀಪ್ ಸದ್ದುಗಳ ಅರ್ಥ ಬಯೋಸ್ ತಯಾರಕರಿಂದ ತಯಾರಕರಿಗೆ ಬೇರೆ. ನಿಲ್ಲದೆ ಮರುಕಳಿಸುವ ಬೀಪುಗಳು ಅನೇಕ ಯಂತ್ರಗಳಲ್ಲಿ ಮೆಮೊರಿಯ ದೋಷವನ್ನು ಸೂಚಿಸುತ್ತವೆ. ಇಂಟೆಲ್ ಪ್ರೊಸೆಸರಿನ ಹಳೆಯ ಮ್ಯಾಕ್‌ಗಳಲ್ಲಿ ಐದು ಸೆಕೆಂಡಿಗೊಮ್ಮೆ ಒಂದು ಸದ್ದು ಬಂದರೆ ಮೆಮೊರಿ ಇಲ್ಲವೆಂದೂ ಮೂರು ಸದ್ದುಗಳ ಬಳಿಕ ಐದು ಸೆಕೆಂಡು ಬಿಡುವಿದ್ದರೆ ಮೆಮೊರಿ ತಪಾಸಣೆಯಲ್ಲಿ ತೇರ್ಗಡೆಯಾಗಲಿಲ್ಲವೆಂದೂ ಅರ್ಥ. ಇಂದಿನ ಪೆಟ್ಟಿಗೆಗಳಲ್ಲಿ ಬೀಪ್ ಮಾಡುವ ಪುಟ್ಟ ಸ್ಪೀಕರ್ ಇರುವುದೇ ಅಪರೂಪ. ಹೀಗಾಗಿ ಸದ್ದಿಲ್ಲ ಎಂಬುದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ. ಅದರ ಬದಲು ಹಲವು ಮದರ್‌ಬೋರ್ಡುಗಳಲ್ಲಿ ಪ್ರೊಸೆಸರ್, ಡಿರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿರುತ್ತವೆ. ಡಿರ‍್ಯಾಮ್ ದೀಪ ಉರಿದು ನಿಂತರೆ ತೊಡಕು ಮೆಮೊರಿಯ ಹಂತದಲ್ಲಿದೆ. ಬೂಟ್ ದೀಪದವರೆಗೆ ಬಂದು ನಿಂತರೆ ಮೆಮೊರಿ ದಾಟಿಯಾಗಿದೆ, ಹುಡುಕಬೇಕಾದದ್ದು ಬೇರೆ ಕಡೆ. ದುಬಾರಿ ಮದರ್‌ಬೋರ್ಡುಗಳ ಎರಡಂಕಿ ಫಲಕದಲ್ಲಿ 55 ಎಂದು ಕಂಡರೆ, ಎಎಂಐ ಸಂಸ್ಥೆಯ ಬಯೋಸ್‌ನ ಭಾಷೆಯಲ್ಲಿ, ಮೆಮೊರಿ ಅಳವಡಿಸಿಲ್ಲವೆಂದು ಅರ್ಥ. 53 ಎಂದರೆ ಬಳಸಬಹುದಾದ ಮೆಮೊರಿ ಸಿಗಲಿಲ್ಲವೆಂದು.

ಡಿಡಿಆರ್5 ಮತ್ತು ಕಾಯುವ ಅಗತ್ಯ

ಮೆಮೊರಿಯ ವೇಗ ಹೆಚ್ಚಿದಂತೆ ಪ್ರೊಸೆಸರಿನಿಂದ ಪ್ರತಿ ಚಿಪ್ಪಿಗೂ ಸಂಕೇತ ತಲುಪುವ ಕಾಲದ ಅತಿ ಸೂಕ್ಷ್ಮ ವ್ಯತ್ಯಾಸಗಳೂ ಮುಖ್ಯವಾಗುತ್ತವೆ. ಬಯೋಸ್ ಅವನ್ನು ಅಳೆದು ಸರಿಹೊಂದಿಸುವ ಕಾರ್ಯಕ್ಕೆ ‘ಮೆಮೊರಿ ಟ್ರೈನಿಂಗ್’ ಎನ್ನುತ್ತಾರೆ. ಹಳೆಯ ಪೀಳಿಗೆಗಳಲ್ಲಿ ಗಮನಕ್ಕೇ ಬಾರದಿದ್ದ ಈ ಹಂತ ಡಿಡಿಆರ್5ರಲ್ಲಿ ದೀರ್ಘವಾಯಿತು. 2022ರಲ್ಲಿ ಬಂದ ಎಎಂಡಿಯ ಎಎಂ5 ಮದರ್‌ಬೋರ್ಡುಗಳಲ್ಲಿ, ಅದರಲ್ಲೂ ಹೆಚ್ಚು ಗಾತ್ರದ ಮೆಮೊರಿ ಹಾಕಿದಾಗ, ಮೊದಲ ಚಾಲನೆಗೆ ಹಲವು ನಿಮಿಷಗಳೇ ಹಿಡಿಯುತ್ತಿದ್ದವು. ಆ ಹೊತ್ತೆಲ್ಲ ಪರದೆ ಕಪ್ಪು. ಯಂತ್ರ ನಡುವೆ ತಾನಾಗಿ ಆರಿ ಹೊತ್ತಿಕೊಳ್ಳುವುದೂ ಉಂಟು. ಇದನ್ನು ದೋಷವೆಂದು ಬಗೆದು ವಿದ್ಯುತ್ ಕಡಿದರೆ ಟ್ರೈನಿಂಗ್ ಮೊದಲಿನಿಂದ ಆರಂಭವಾಗುತ್ತದೆ. ಮತ್ತೆ ಕಡಿದರೆ ಮತ್ತೆ ಮೊದಲಿನಿಂದ. ಏನೂ ಕೆಡದ ಯಂತ್ರವನ್ನು ಇಡೀ ಸಂಜೆ ಕೆಟ್ಟಿದೆಯೆಂದು ನಂಬಲು ಇಷ್ಟು ಸಾಕು. ಇಂತಹ ಯಂತ್ರಗಳಲ್ಲಿ ಮೊದಲ ಚಾಲನೆಗೆ ಕಾಲು ಗಂಟೆಯಾದರೂ ಕೈಕಟ್ಟಿ ಕಾಯುವುದು ಒಳ್ಳೆಯದು.

ನಾಲ್ಕೂ ಸ್ಲಾಟುಗಳನ್ನು ತುಂಬುವುದು ಡಿಡಿಆರ್5ರಲ್ಲಿ ಇನ್ನೊಂದು ತೊಡಕು. ಎಎಂಡಿ ರೈಜನ್ 7000 ಸರಣಿಗೆ ಎರಡು ಮಾಡ್ಯೂಲ್‌ಗಳಿದ್ದಾಗ 5200ರ ವೇಗವನ್ನೂ ನಾಲ್ಕಿದ್ದಾಗ 3600ರ ವೇಗವನ್ನೂ ತಯಾರಕರು ಅಧಿಕೃತವಾಗಿ ಸೂಚಿಸಿದ್ದಾರೆ. ಎರಡು ಮಾಡ್ಯೂಲ್‌ಗಳಿಗೆ ಹೊಂದಿಸಿದ ಹೆಚ್ಚಿನ ವೇಗವನ್ನು ಹಾಗೆಯೇ ಬಿಟ್ಟು ಇನ್ನೆರಡನ್ನು ಸೇರಿಸಿದರೆ ಯಂತ್ರ ನಿಲ್ಲುವ ಸಂಭವ ಹೆಚ್ಚು. ಮೆಮೊರಿಯನ್ನು ಮಾನದಂಡಕ್ಕಿಂತ ವೇಗವಾಗಿ ನಡೆಸುವ, ಇಂಟೆಲ್‌ನ ಎಕ್ಸ್‌ಎಂಪಿ ಅಥವಾ ಎಎಂಡಿಯ ಎಕ್ಸ್‌ಪೋ ಎಂಬ ಆಯ್ಕೆಗಳನ್ನು ಹೊಸ ಮೆಮೊರಿ ಹಾಕುವ ಮೊದಲೇ ಬಯೋಸ್‌ನಲ್ಲಿ ಆರಿಸಿಡುವುದು ಸೂಕ್ತ.

ದೋಷವನ್ನು ಪತ್ತೆಹಚ್ಚುವ ಕ್ರಮ

ಪತ್ತೆಯ ಮೊದಲ ಹೆಜ್ಜೆ ಹಿಂದಕ್ಕೆ ಇಡುವುದು. ಹೊಸ ಮೆಮೊರಿಯನ್ನು ತೆಗೆದು, ಹಳೆಯದನ್ನು ಮೊದಲಿದ್ದ ಸ್ಲಾಟಿನಲ್ಲಿಯೇ ಹಾಕಿ ಚಾಲನೆ ಮಾಡಬೇಕು. ಯಂತ್ರ ಎದ್ದರೆ ಮದರ್‌ಬೋರ್ಡ್, ಪ್ರೊಸೆಸರ್, ವಿದ್ಯುತ್ ಪೂರೈಕೆ ಎಲ್ಲವೂ ಕ್ಷೇಮವೆಂದು ಒಂದೇ ಪರೀಕ್ಷೆಯಲ್ಲಿ ತಿಳಿಯುತ್ತದೆ. ಏಳದಿದ್ದರೆ ಹೊಸ ಮೆಮೊರಿಯ ಮೇಲಿನ ಆರೋಪ ಸಡಿಲವಾಗುತ್ತದೆ: ಅಳವಡಿಸುವಾಗ ಬೇರೇನೋ ಸಡಿಲವಾಗಿದೆ, ಇಲ್ಲವೇ ಬಯೋಸ್‌ನ ಹೊಂದಿಕೆ ಕೆಟ್ಟಿದೆ. ಈ ಒಂದು ಹೆಜ್ಜೆಯನ್ನು ಬಿಟ್ಟು, ಮಾಡ್ಯೂಲುಗಳನ್ನು ಕಂಡ ಕಂಡ ಸ್ಲಾಟಿಗೆ ಬದಲಿಸುತ್ತಾ ಹೋದವರಿಗೆ ಕೊನೆಗೆ ಯಾವುದು ಏಕೆ ನಡೆಯಿತೆಂದು ಹೇಳಲಾಗುವುದಿಲ್ಲ.

ಹಳೆಯದರಿಂದ ಯಂತ್ರ ಎದ್ದಿತೆಂದಾದರೆ, ಎರಡನೆಯ ಹೆಜ್ಜೆಯಲ್ಲಿ ಹೊಸ ಮಾಡ್ಯೂಲ್ ಒಂದನ್ನೇ, ಹಳೆಯದು ಈಗಷ್ಟೇ ನಡೆದ ಅದೇ ಸ್ಲಾಟಿನಲ್ಲಿ ಹಾಕಿ ನೋಡಬೇಕು. ಸ್ಲಾಟು ಸರಿಯೆಂದು ಈಗಾಗಲೇ ಗೊತ್ತಿರುವುದರಿಂದ ಈಗ ಯಂತ್ರ ಏಳದಿದ್ದರೆ ಕಾರಣ ಮಾಡ್ಯೂಲಿನಲ್ಲೇ ಇದೆ: ಅದು ಹೊಂದುವುದಿಲ್ಲ ಅಥವಾ ಕೆಟ್ಟಿದೆ. ಇವೆರಡರಲ್ಲಿ ಯಾವುದೆಂದು ತಿಳಿಯಲು ಅದೇ ಬಗೆಯ ಮೆಮೊರಿ ಬಳಸುವ ಇನ್ನೊಂದು ಯಂತ್ರ ಬೇಕು. ಹೊಸ ಮಾಡ್ಯೂಲ್ ಒಂಟಿಯಾಗಿ ನಡೆದರೆ ಮೂರನೆಯ ಹೆಜ್ಜೆ: ಹಳೆಯದನ್ನು ಇನ್ನೊಂದು ಸ್ಲಾಟಿನಲ್ಲಿ ಒಂಟಿಯಾಗಿ ಹಾಕುವುದು. ಈಗ ಮಾಡ್ಯೂಲ್ ಸರಿಯೆಂದು ಗೊತ್ತಿದೆ, ಪರೀಕ್ಷೆಗೆ ಒಳಗಾಗುತ್ತಿರುವುದು ಸ್ಲಾಟು. ಇದೂ ತೇರ್ಗಡೆಯಾಗಿ, ಎರಡನ್ನೂ ಕೂಡಿಸಿದಾಗ ಮಾತ್ರ ಯಂತ್ರ ನಿಂತರೆ ಎರಡು ಮಾಡ್ಯೂಲ್‌ಗಳು ಪರಸ್ಪರ ಹೊಂದುತ್ತಿಲ್ಲ. ಬೇರೆ ಬೇರೆ ವೇಗದ ಮಾಡ್ಯೂಲ್‌ಗಳಿದ್ದಾಗ ಯಂತ್ರ ನಿಧಾನದ್ದಕ್ಕೆ ಹೊಂದಿಕೊಂಡು ನಡೆಯಬೇಕು. ನಡೆಯದಿದ್ದರೆ ಬಯೋಸ್‌ನಲ್ಲಿ ವೇಗವನ್ನು ಕೈಯಾರೆ ಇಳಿಸಿ ನೋಡಬಹುದು. ಪ್ರತಿ ಸಲವೂ ಒಂದೇ ಬದಲಾವಣೆ ಮಾಡಿ, ಫಲಿತಾಂಶವನ್ನು ಚೀಟಿಯ ಮೇಲೆ ಬರೆದಿಟ್ಟುಕೊಂಡರೆ ನಾಲ್ಕಾರು ಪ್ರಯತ್ನಗಳಲ್ಲಿ ಉತ್ತರ ದೊರೆಯುತ್ತದೆ. ಒಂಟಿ ಮಾಡ್ಯೂಲನ್ನು ಇಂತಹ ಸ್ಲಾಟಿನಲ್ಲಿಯೇ ಹಾಕಬೇಕೆಂದು ಕೈಪಿಡಿ ಹೇಳಿದ್ದರೆ ಮಾತ್ರ ಮೂರನೆಯ ಹೆಜ್ಜೆಯ ಫಲಿತಾಂಶವನ್ನು ಅದಕ್ಕೆ ತಕ್ಕಂತೆ ಅರ್ಥೈಸಬೇಕು.

ಒಂದು ಸ್ಲಾಟು ನಿಜವಾಗಿಯೂ ಕೆಲಸ ಮಾಡದಿದ್ದರೂ ದೋಷ ಸ್ಲಾಟಿನಲ್ಲೇ ಇರಬೇಕೆಂದಿಲ್ಲ. ಇಂದಿನ ಯಂತ್ರಗಳಲ್ಲಿ ಮೆಮೊರಿ ನಿಯಂತ್ರಕ ಪ್ರೊಸೆಸರಿನೊಳಗೇ ಇರುವುದರಿಂದ, ಪ್ರೊಸೆಸರ್ ಕೂರುವ ಜಾಗದ ಒಂದು ಪಿನ್ನು ಬಾಗಿದ್ದರೂ ಅದರ ಮೇಲಿನ ಕೂಲರನ್ನು ಒಂದು ಕಡೆಗೆ ಹೆಚ್ಚು ಬಿಗಿದಿದ್ದರೂ ಇಡೀ ಒಂದು ಚಾನೆಲ್ ಕಾಣೆಯಾಗಬಹುದು.

ಬಯೋಸ್ ಹೊಂದಿಕೆಗಳನ್ನು ಅಳಿಸುವುದು

ಹಳೆಯ ಮೆಮೊರಿಯ ಹೊಂದಿಕೆಗಳನ್ನು ಬಯೋಸ್ ಬಿಡದೆ ಹಿಡಿದುಕೊಂಡಿದ್ದರೆ ಅವನ್ನು ಅಳಿಸಬೇಕಾಗುತ್ತದೆ. ಮದರ್‌ಬೋರ್ಡಿನಲ್ಲಿ ಇದಕ್ಕೆಂದೇ ಇರುವ ಎರಡು ಪಿನ್ನುಗಳನ್ನು ಕೂಡಿಸುವುದು, ಅಥವಾ ಪ್ಲಗ್ ಕಳಚಿ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಡುವುದು ರೂಢಿಯ ವಿಧಾನ. ಇದು ಸರಳವೆಂದು ಎಲ್ಲೆಡೆ ಸಲಹೆ ಮಾಡುತ್ತಾರೆ. ಇದರ ಪರಿಣಾಮಗಳನ್ನು ಮಾತ್ರ ಹೇಳುವವರು ಕಡಿಮೆ.

ವಿಂಡೋಸ್‌ನ ಬಿಟ್‌ಲಾಕರ್ ವ್ಯವಸ್ಥೆಯಿಂದ ಡಿಸ್ಕಿಗೆ ಬೀಗ ಹಾಕಿದ್ದರೆ, ಬಯೋಸ್‌ನ ಭದ್ರತಾ ಹೊಂದಿಕೆಗಳು ಬದಲಾದಾಗ ಅದು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳಬಹುದು. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ಬಳಕೆದಾರನಿಗೆ ತಿಳಿಯದಂತೆಯೇ ಬಿದ್ದಿರುತ್ತದೆ. ಕೀಲಿ ಸಿಗದಿದ್ದರೆ ಕಡತಗಳು ಶಾಶ್ವತವಾಗಿ ಕೈತಪ್ಪುತ್ತವೆ. ಮೆಮೊರಿಯ ದೋಷದಿಂದ ಎಂದೂ ಆಗದ ನಷ್ಟ ಹೀಗೆ ಪರಿಹಾರದಿಂದ ಆಗಿಬಿಡಬಹುದು. ಆದ್ದರಿಂದ ಹಳೆಯ ಮೆಮೊರಿಯಿಂದ ಯಂತ್ರ ಏಳುವುದಾದರೆ, ಮೊದಲು ಅದರಿಂದ ಒಳಹೊಕ್ಕು ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ಮೈಕ್ರೊಸಾಫ್ಟ್ ಖಾತೆಯಿಂದ ಬಳಸುವ ಯಂತ್ರವಾದರೆ ಕೀಲಿ ಆ ಖಾತೆಯಲ್ಲಿ ಉಳಿದಿರುವುದೂ ಉಂಟು. ಡಿಸ್ಕುಗಳು ರೇಡ್ ವಿಧಾನದಲ್ಲಿದ್ದು ಹೊಂದಿಕೆ ಅಳಿದಾಗ ಸಾಮಾನ್ಯ ವಿಧಾನಕ್ಕೆ ಮರಳಿದರೂ ವಿಂಡೋಸ್ ಏಳುವುದಿಲ್ಲ. ಹಳೆಯ ಆಯ್ಕೆಯನ್ನು ಮತ್ತೆ ಹಾಕಿದರೆ ಏಳುತ್ತದೆ. ಬಯೋಸ್ ಪುಟಗಳ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದರೆ ಇದು ಕೆಲವೇ ನಿಮಿಷಗಳ ಕೆಲಸ.

ಕಾರ್ಯಾಚರಣ ವ್ಯವಸ್ಥೆಯ ಹಂತದಲ್ಲಿ ನಿಲ್ಲುವುದು

ಬಯೋಸ್ ಮೆಮೊರಿಯನ್ನು ಸರಿಯಾಗಿ ಎಣಿಸಿ ತೋರಿಸಿದ ಮೇಲೂ ಯಂತ್ರ ಮುಂದೆ ನಿಲ್ಲಬಹುದು. ಇದರ ಪ್ರಸಿದ್ಧ ಉದಾಹರಣೆ ವಿಂಡೋಸ್ 98. ಯಂತ್ರಕ್ಕೆ 512 ಎಂಬಿಗಿಂತ ಹೆಚ್ಚು ಮೆಮೊರಿ ಹಾಕಿದಾಗ ಅದರ ವಿಕ್ಯಾಶ್ ಎಂಬ ಭಾಗ ಅತಿಯಾಗಿ ಬೆಳೆದು ವಿಳಾಸಗಳ ಜಾಗವನ್ನು ತಾನೇ ತುಂಬಿಕೊಳ್ಳುತ್ತಿತ್ತು; ಮೆಮೊರಿ ಹೆಚ್ಚಿಸಿದವರಿಗೇ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಸಿಸ್ಟಮ್ ಡಾಟ್ ಐಎನ್‌ಐ ಕಡತದಲ್ಲಿ ವಿಕ್ಯಾಶ್‌ಗೆ ಒಂದು ಗರಿಷ್ಠ ಮಿತಿ ಹಾಕುವುದೇ ಪರಿಹಾರವಾಗಿತ್ತು. ಹೊಸ ವ್ಯವಸ್ಥೆಗಳಲ್ಲಿ ಈ ತೊಂದರೆ ಇಲ್ಲ. ಅವುಗಳಲ್ಲಿ ನೀಲಿ ಪರದೆ ಬಂದು ಯಂತ್ರ ನಿಂತರೆ ಮೆಮೊರಿ ತುಸು ತಪ್ಪುತ್ತಿದೆ ಎಂದೇ ಮೊದಲು ಶಂಕಿಸಬೇಕು.

ಚಾಲನೆಗೊಂಡ ನಂತರದ ಪರೀಕ್ಷೆ

ಯಂತ್ರ ಪೂರ್ತಿ ನಿಂತುಬಿಟ್ಟರೆ ಅದು ಹೆಚ್ಚಿನ ಅಪಾಯವಲ್ಲ. ಅಪಾಯವಿರುವುದು ಹೇಗೋ ಎದ್ದು, ಅಪರೂಪಕ್ಕೊಮ್ಮೆ ಒಂದು ಬಿಟ್ ತಪ್ಪುವ ಯಂತ್ರದಲ್ಲಿ. ಡಿಸ್ಕಿಗೆ ಬರೆಯುವ ಪ್ರತಿಯೊಂದೂ ಮೆಮೊರಿಯ ಮೂಲಕವೇ ಹಾದುಹೋಗುವುದರಿಂದ, ಅಲ್ಲಿ ತಪ್ಪಿದ್ದು ಕಡತದಲ್ಲಿಯೂ ತಪ್ಪಾಗಿಯೇ ಉಳಿಯುತ್ತದೆ. ಕೆಟ್ಟ ಕಡತವನ್ನೇ ಬ್ಯಾಕಪ್‌ನಲ್ಲಿಯೂ ಇಟ್ಟುಕೊಂಡಂತಾಗುತ್ತದೆ. ಗೂಗಲ್‌ನ ಸರ್ವರ್‌ಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷವೊಂದರಲ್ಲಿ ಶೇಕಡಾ 8ಕ್ಕಿಂತ ಹೆಚ್ಚು ಮಾಡ್ಯೂಲ್‌ಗಳು ದೋಷ ತೋರಿದ್ದು ಕಂಡುಬಂದಿತು. ಸರ್ವರ್‌ಗಳಲ್ಲಿ ಇಂತಹ ತಪ್ಪುಗಳನ್ನು ತಿದ್ದುವ ಇಸಿಸಿ ಮೆಮೊರಿ ಇರುತ್ತದೆ. ಮನೆಬಳಕೆಯ ಬಹುತೇಕ ಯಂತ್ರಗಳಲ್ಲಿ ಆ ರಕ್ಷಣೆ ಇಲ್ಲ.

ಆದ್ದರಿಂದ ಹೊಸ ಮೆಮೊರಿಯಿಂದ ಯಂತ್ರ ಎದ್ದೊಡನೆ ಮುಖ್ಯ ಕೆಲಸಗಳಿಗೆ ತೊಡಗದೆ ಮೊದಲು ಪರೀಕ್ಷಿಸಬೇಕು. ವಿಂಡೋಸ್ ವಿಸ್ಟಾದಿಂದೀಚೆಗೆ ಮೆಮೊರಿ ಪರೀಕ್ಷಿಸುವ ಸಾಧನ ವಿಂಡೋಸ್‌ನೊಡನೆಯೇ ಬರುತ್ತದೆ. ಮೆಮ್‌ಟೆಸ್ಟ್86 ಮತ್ತು ಮುಕ್ತ ತಂತ್ರಾಂಶವಾದ ಮೆಮ್‌ಟೆಸ್ಟ್86+ ಇನ್ನೂ ಕೂಲಂಕಷವಾದವು. ಇವನ್ನು ಪೆನ್‌ಡ್ರೈವ್‌ನಿಂದ ನೇರವಾಗಿ ಚಾಲನೆ ಮಾಡಬಹುದು. ಮೆಮೊರಿಯ ಗಾತ್ರಕ್ಕೆ ತಕ್ಕಂತೆ ಪರೀಕ್ಷೆಗೆ ಗಂಟೆಗಟ್ಟಲೆ ಹಿಡಿಯುವುದರಿಂದ ರಾತ್ರಿಯಿಡೀ ಬಿಡುವುದು ರೂಢಿ. ಸಾವಿರ ಸರಿಗಳ ನಡುವೆ ಒಂದೇ ತಪ್ಪು ಕಂಡರೂ ಆ ಹೊಂದಿಕೆಯಲ್ಲಿ ಯಂತ್ರವನ್ನು ಬಳಸಬಾರದು. ಎಕ್ಸ್‌ಎಂಪಿಯಂತಹ ವೇಗದ ಆಯ್ಕೆ ಚಾಲೂ ಇದ್ದರೆ ಅದನ್ನು ಆರಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಆಗಲೂ ತಪ್ಪು ಬಂದರೆ ಮಾಡ್ಯೂಲುಗಳನ್ನು ಒಂದೊಂದಾಗಿ ಪರೀಕ್ಷಿಸಿ ದೋಷವಿರುವುದನ್ನು ಬೇರ್ಪಡಿಸಬೇಕು.

ಹಲವು ತಯಾರಕರು ಮೆಮೊರಿಗೆ ದೀರ್ಘಾವಧಿಯ ವಾರಂಟಿ ನೀಡುತ್ತಾರೆ. ಮಾಡ್ಯೂಲಿನ ಮೇಲಿನ ಚೀಟಿಯನ್ನು ಕೀಳದೆ, ರಸೀದಿಯನ್ನು ಕಳೆಯದೆ ಇಟ್ಟುಕೊಂಡಿದ್ದರೆ ಬದಲಾಯಿಸಿಕೊಳ್ಳಬಹುದು. ಜೋಡಿಯಾಗಿ ಕೊಂಡ ಮಾಡ್ಯೂಲ್‌ಗಳಲ್ಲಿ ಒಂದೇ ಕೆಟ್ಟಿದ್ದರೂ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಹಿಂದಿರುಗಿಸಬೇಕಾಗುತ್ತದೆ. ಆದ್ದರಿಂದ ಬದಲಿ ಜೋಡಿ ಬರುವವರೆಗೆ ಬಳಸಲು ಹಳೆಯ ಮಾಡ್ಯೂಲನ್ನು ಮಾರದೆ ಇಟ್ಟುಕೊಂಡಿರುವುದು ಒಳ್ಳೆಯದು.